ಸ್ಪಷ್ಟನೆ: ಅಪಾಯ ಇರೋದು ರಾತ್ರಿ ರಸ್ತೆಯಲ್ಲೇ ಅಲ್ಲ

"ಹೆಣ್ಣುಮಕ್ಕಳನ್ನು ಕೊಲ್ಲೋರು ಹೆಚ್ಚಾಗಿ ಅಪರಿಚಿತರು, ಕತ್ತಲಾದ ಮೇಲೆ ಮನೆಯಲ್ಲಿದ್ದರೆ ಸಾಕು" ಅನ್ನೋ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ವಿಶ್ವಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 85,000 ಹೆಂಗಸರು, ಹುಡುಗಿಯರು ಕೊಲೆಯಾದರು. ಅವರಲ್ಲಿ ಸುಮಾರು 51,100 ಮಂದಿಯನ್ನು ಕೊಂದದ್ದು ಗಂಡ, ಸಂಗಾತಿ ಇಲ್ಲವೇ ಮನೆಯವರೇ. ದಿನಕ್ಕೆ 140 ಜನ! ಕೊಲ್ಲುವವನು ಒಳಗೇ ಕೂತು ಊಟ ಮಾಡುತ್ತಿದ್ದರೆ ಬಾಗಿಲಿಗೆ ಚಿಲಕ ಹಾಕಿ ಏನು ಬಂತು?

"ಕೊಲೆಯಾಗೋದು ಗಂಡಸರೇ ಜಾಸ್ತಿ ಅಲ್ವಾ" ಅಂತಲೂ ಕೆಲವರು ಕೇಳಿದ್ದಾರೆ. ಹೌದು, ಸುಮಾರು ಶೇ. 80 ಅವರೇ. ಆದರೆ ಅವರಲ್ಲಿ ಸಂಗಾತಿ ಅಥವಾ ಮನೆಯವರ ಕೈಯಲ್ಲಿ ಸತ್ತವರು ಶೇ. 12ರಷ್ಟು. ಹೆಂಗಸರಲ್ಲಿ ಶೇ. 60. ಆ ಮೆಸೇಜ್ ಬಂದರೆ ಸುಮ್ನೆ ಫಾರ್ವರ್ಡ್ ಮಾಡಬೇಡಿ.