ಸ್ಪಷ್ಟನೆ: ಒಳ್ಳೆಯ ಕೋಣೆಯಿಂದ ಅಂಕ ಶೇ 16 ಏರುತ್ತದೆ ಎಂಬುದು ಸರಿಯಲ್ಲ

‘ತರಗತಿ ಕೋಣೆ ಚೆನ್ನಾಗಿದ್ದರೆ ಮಕ್ಕಳ ಅಂಕ ಶೇ 16ರಷ್ಟು ಏರುತ್ತದೆ’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ಈ ಸಂಖ್ಯೆ ಬಂದಿದ್ದು ಇಂಗ್ಲೆಂಡಿನ ಸಾಲ್ಫರ್ಡ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಅಲ್ಲಿನ 27 ಪ್ರಾಥಮಿಕ ಶಾಲೆಗಳ 153 ಕೋಣೆಗಳನ್ನೂ 3,766 ಮಕ್ಕಳ ಒಂದು ವರ್ಷದ ಕಲಿಕೆಯನ್ನೂ ಅವರು ಗಮನಿಸಿದ್ದರು. ಓದು, ಬರಹ, ಗಣಿತದಲ್ಲಿ ಒಂದು ಮಗು ಜಾಸ್ತಿ ಮುಂದೆ ಹೋಗುತ್ತದೆ, ಇನ್ನೊಂದು ಕಡಿಮೆ. ಈ ಏರುಪೇರಿನಲ್ಲಿ ಶೇ 16ರಷ್ಟು ಪಾಲು ಕೋಣೆಗೆ ಸಂಬಂಧಿಸಿದ್ದು. ಅವರು ಹೇಳಿದ್ದು ಇಷ್ಟೇ. 50 ಅಂಕ ತೆಗೆಯುವ ಮಗು ಸುಮ್ನೆ 58ಕ್ಕೆ ಹೋಗುತ್ತದೆ ಎಂದಲ್ಲ.

ಹಾಗಂತ ಕೋಣೆ ಮುಖ್ಯವೇ ಅಲ್ಲ ಎಂದುಕೊಳ್ಳಬೇಡಿ. ಉಳಿದದ್ದು ಒತ್ತಟ್ಟಿಗಿರಲಿ, ಒಂದು ಕೋಣೆಯಿಂದಲೇ ಇಷ್ಟು ವ್ಯತ್ಯಾಸ ಅಂದರೆ ಸಣ್ಣದಲ್ಲ. ಅದರಲ್ಲೂ ಸುಮಾರು ಅರ್ಧ ಪಾಲು ಬೆಳಕು, ಗಾಳಿ, ಸೆಕೆ-ಚಳಿಯದ್ದೇ. ಗೋಡೆ ತುಂಬ ಚಿತ್ರ ಅಂಟಿಸುವುದೂ ಒಳ್ಳೆಯದಲ್ಲ, ಪೂರ್ತಿ ಬೋಳು ಬಿಡುವುದೂ ಒಳ್ಳೆಯದಲ್ಲ, ಹದವಾಗಿರಬೇಕು ಎಂದೂ ಕಂಡುಬಂತು. ಇದಕ್ಕೆಲ್ಲ ಹೊಸ ಕಟ್ಟಡವೇ ಬೇಕಿಲ್ಲ. ಕಿಟಕಿಗೆ ಅಡ್ಡವಾಗಿರುವ ಬೀರು ಸರಿಸಲು ದುಡ್ಡು ಬೇಡ, ಅಲ್ವಾ?

ಇನ್ನೊಂದು ಮಾತು: ಆ ಶಾಲೆಗಳೆಲ್ಲ ಇಂಗ್ಲೆಂಡಿನ ಹವೆಯಲ್ಲಿದ್ದವು. ಕಲಬುರಗಿಯ ಬೇಸಿಗೆಗೆ ಅದೇ ಲೆಕ್ಕ ಹಿಡಿಯಲು ಬರುವುದಿಲ್ಲ.