ಫ್ಯಾನ್ಸಿಜೋನ್ಸ್ ಹಾಕಿದರೆ ಒಂದು ಮಾನಿಟರ್ ಎರಡಾಗುವುದಿಲ್ಲ

"ಅಲ್ಟ್ರಾವೈಡ್, ಅಂದರೆ ತುಂಬಾ ಅಗಲದ ಮಾನಿಟರ್, ಇದ್ದರೆ ಫ್ಯಾನ್ಸಿಜೋನ್ಸ್ ಹಾಕಿಕೊಳ್ಳಿ, ಎರಡು ಬೇರೆ ಬೇರೆ ಸ್ಕ್ರೀನ್ ಸಿಕ್ಕಂತೆಯೇ" ಅನ್ನುವ ಮಾತು ಓಡಾಡುತ್ತಿದೆ. ಸಿಕ್ಕಂತೆ ಕಾಣಿಸುತ್ತದೆ, ಸಿಗುವುದಿಲ್ಲ. ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ಅನ್ನುವ ಟೂಲ್‌ಗಳ ಕಟ್ಟಿನ ಜೊತೆ ಬರುವ ಈ ಟೂಲ್, ನೀವು ಗೆರೆ ಎಳೆದ ಜಾಗದಲ್ಲಿ ವಿಂಡೋಗಳನ್ನು ಕೂರಿಸುತ್ತದೆ ಅಷ್ಟೇ. ವಿಂಡೋಸ್ ಲೆಕ್ಕದಲ್ಲಿ ಮಾನಿಟರ್ ಇನ್ನೂ ಒಂದೇ.

ಎಡಗಡೆ ಒಂದು ವಿಡಿಯೋ, ಬಲಗಡೆ ಮೇಲ್ ಇಟ್ಟುಕೊಂಡು ವಿಡಿಯೋವನ್ನು ಫುಲ್‌ಸ್ಕ್ರೀನ್ ಮಾಡಿ ನೋಡಿ. ಗೆರೆ ದಾಟಿ ಮೇಲ್ ಮೇಲೂ ಹರಡಿಕೊಳ್ಳುತ್ತದೆ. ಮೀಟಿಂಗ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿದರೂ ಹಾಗೇ, ಅಷ್ಟುದ್ದದ ಪಟ್ಟಿ ಪೂರ್ತಿ ಹೋಗುತ್ತದೆ, ಆ ಕಡೆಯವರು ಲ್ಯಾಪ್‌ಟಾಪ್‌ನಲ್ಲಿ ಇರುವೆಯಷ್ಟು ಅಕ್ಷರ ಓದಬೇಕು.

ನಿಜವಾಗಿ ಎರಡಾಗಬೇಕು ಅಂದರೆ ಮಾನಿಟರ್‌ನ ಸ್ವಂತ ಮೆನುವಿನಲ್ಲಿ ಪಿಬಿಪಿ, ಅಂದರೆ ಪಿಕ್ಚರ್ ಬೈ ಪಿಕ್ಚರ್, ಇದೆಯಾ ನೋಡಿ. ಇದ್ದರೆ ಒಂದೇ ಕಂಪ್ಯೂಟರ್‌ನಿಂದ ಎರಡು ಕೇಬಲ್ ತಂದು ಎರಡು ಪೋರ್ಟ್‌ಗೆ ಚುಚ್ಚಿ, ಪಿಬಿಪಿ ಆನ್ ಮಾಡಿ. ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 1, 2 ಅಂತ ಎರಡು ಪೆಟ್ಟಿಗೆ ಕಾಣಿಸುತ್ತವೆ. 5120×1440 ಮಾನಿಟರ್ ಆದರೆ ಒಂದೊಂದು ಕಡೆಗೂ 2560×1440, 3440×1440 ಆದರೆ 1720×1440. ರೆಸಲ್ಯೂಶನ್ ತಾನಾಗಿ ಸರಿಹೋಗದೆ ಚಿತ್ರ ಹಿಂಡಿದ ಹಾಗೆ ಕಂಡರೆ ಕೈಯಾರೆ ಆರಿಸಿಕೊಳ್ಳಿ. ಇದಕ್ಕೂ ಬೆಲೆ ಇದೆ: ಎಷ್ಟೋ ಮಾನಿಟರ್‌ಗಳಲ್ಲಿ ಪಿಬಿಪಿ ಹಾಕಿದ ಕೂಡಲೇ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಅನ್ನುವ ಲೆಕ್ಕ) 60 ಹರ್ಟ್ಸ್‌ಗೆ ಇಳಿಯುತ್ತದೆ, ಎಚ್‌ಡಿಆರ್ (ಬೆಳಕು, ನೆರಳು, ಬಣ್ಣ ಹೆಚ್ಚು ಚೆನ್ನಾಗಿ ತೋರಿಸುವ ಸೌಲಭ್ಯ) ಕೂಡ ಹೋಗುತ್ತದೆ. ಗೇಮ್ ಆಡುವವರಿಗೆ ಇದು ಜಾಸ್ತಿ ಚುಚ್ಚುತ್ತದೆ, ಅಲ್ವಾ?

ಇನ್ನು ಎಚ್‌ಡಿಎಂಐ ಸ್ಪ್ಲಿಟರ್ ತಂದರೆ ಆಗುತ್ತೆ ಅನ್ನುವವರ ಮಾತು ಕೇಳಿ ಸುಮ್ನೆ ದುಡ್ಡು ಹಾಕಬೇಡಿ. ಮಾಮೂಲಿ ಸ್ಪ್ಲಿಟರ್ ಒಂದೇ ಚಿತ್ರವನ್ನು ಎರಡು ಕಡೆ ಕಳಿಸುತ್ತದೆ. ಪಿಬಿಪಿಯ ಎರಡೂ ಅರ್ಧದಲ್ಲಿ ಅದೇ ಡೆಸ್ಕ್‌ಟಾಪ್ ಕಾಣಿಸುತ್ತದೆ.