ಕೂದಲು ಬಂದ ಮಾತ್ರಕ್ಕೆ ಗುಣ ಆಗಿಲ್ಲ

ಇವತ್ತು ಬೆಳಗ್ಗೆ ಉಣಕಲ್ ಕೆರೆಯಿಂದ ವಾಕಿಂಗ್ ಮುಗಿಸಿ ಬರುವಾಗ ಹಿಂದಿನ ಓಣಿಯ ಆ ನಾಯಿಮರಿ ಮತ್ತೆ ಕಣ್ಣಿಗೆ ಬಿತ್ತು. ಮೂರನೇ ಸಲ ಗಜಕರ್ಣ. ಈ ಸಲ ಮೈಗೆಲ್ಲ ಗ್ಯಾರೇಜಿನ ಕರಿ ಆಯಿಲ್ ಬಳಿದು ಗೇಟಿಗೆ ಕಟ್ಟಿದ್ದಾರೆ. ಪಾಪ, ಅದನ್ನೇ ನೆಕ್ಕುತ್ತಾ ಕೂತಿತ್ತು. ಅದು ಹೊಟ್ಟೆಗೆ ಹೋದರೆ ವಿಷ ಅಲ್ವಾ? ಡಾಕ್ಟರ್ ಕೊಟ್ಟ ಮಾತ್ರೆ ಏನಾಯ್ತು ಅಂತ ಕೇಳಿದೆ. "ಕೂದ್ಲ ಬಂದಿತ್ತಲ್ಲರೀ ಅಕ್ಕಾರ, ಆರಾಮ ಆತಂತ ಬಿಟ್ವಿ" ಅಂದರು. ಮನೆಗೆ ಬಂದರೂ ನನ್ನ ಸಿಟ್ಟು ಇಳಿದಿಲ್ಲ.

ಕೂದಲು ಬಂತು ಅಂದರೆ ರೋಗ ಹೋಯ್ತು ಅಂತಲ್ಲ! ಎಷ್ಟು ಜನಕ್ಕೆ ಹೇಳಿದ್ದೇನೋ.

ನಮ್ಮ ನಾಯಿ ಕರಿಯನನ್ನು ನೀವೆಲ್ಲ ಬಲ್ಲಿರಿ. ಅವನಿಗೆ ಗಜಕರ್ಣ ಬಂದಾಗ ನಾನೂ ಇದೇ ತಪ್ಪು ಮಾಡಿದ್ದೆ, ಇಲ್ಲಿ ಯಾವತ್ತೂ ಬರೆದಿರಲಿಲ್ಲ. ಕಿವಿಯ ಹಿಂದೆ ರೂಪಾಯಿ ನಾಣ್ಯದಷ್ಟು ಜಾಗ ಬೋಳಾಗಿತ್ತು. ಅಂಚಿನಲ್ಲಿ ಬೂದಿಯಂಥ ಹೊಟ್ಟು, ಮಧ್ಯೆ ತುಂಡಾದ ಕೂದಲು, ಕೊಯ್ಲಾದ ಜೋಳದ ಹೊಲದ ಕೂಳೆ ಇರುತ್ತಲ್ಲ, ಹಾಗೆ. ನಾಲ್ಕನೇ ವಾರಕ್ಕೆ ಮೆತ್ತನೆ ಕೂದಲು ಬಂತು, ನಾನು ಔಷಧ ನಿಲ್ಲಿಸಿದೆ. ಇಪ್ಪತ್ತು ದಿನಕ್ಕೆ ಅವನ ಮೂತಿ ಮೇಲೆ ಹೊಸ ಕಲೆ, ಮಗಳ ಮೊಣಕೈ ಹತ್ತಿರ ಕೆಂಪು ಉಂಗುರ, ಅವಳಿಗೂ ಅಂಟಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಗಜಕರ್ಣಕ್ಕೆ ಹುಳುಕಡ್ಡಿ ಅಂತಲೂ ಹೆಸರಿದ್ದರೂ ಇದು ಹುಳ ಅಲ್ಲ, ಫಂಗಸ್. ನಾಯಿಗಳಲ್ಲಿ ಹೆಚ್ಚಾಗಿ ಮೈಕ್ರೋಸ್ಪೋರಮ್ ಕ್ಯಾನಿಸ್ ಅನ್ನೋದು. ಡಾಕ್ಟರ್ ನೇರಳೆ ಬೆಳಕಿನ ದೀಪ ಹಿಡಿದಾಗ ಕೆಲವು ಸಲ ಕೂದಲು ಹಸಿರಾಗಿ ಹೊಳೆಯುತ್ತದೆ, ಹೊಳೆಯದಿದ್ದರೆ ರೋಗ ಇಲ್ಲ ಅಂತೇನೂ ಅಲ್ಲ. ಕಲ್ಚರ್‌ಗೆ, ಅಂದರೆ ಕೂದಲಿನಿಂದ ಫಂಗಸ್ ಬೆಳೆಯುತ್ತಾ ಅಂತ ಲ್ಯಾಬಿನಲ್ಲಿ ನೋಡೋ ಪರೀಕ್ಷೆಗೆ, ಕಳಿಸಿದರೆ ಫಲಿತಾಂಶಕ್ಕೆ 2–3 ವಾರ ಬೇಕು. ಔಷಧ ಸಾಮಾನ್ಯವಾಗಿ 6ರಿಂದ 10 ವಾರ, ಕೆಲವಕ್ಕೆ ಇನ್ನೂ ಜಾಸ್ತಿ. ಶುರುವಿನಲ್ಲಿ ಒಂದೆರಡು ಹೊಸ ಕಲೆ ಕಂಡರೂ ಗಾಬರಿಯಾಗಬೇಡಿ. ಆಮೇಲೆ ಹೊಟ್ಟು ಉದುರುತ್ತದೆ, ಕೂದಲು ಬರುತ್ತದೆ, ಜನ ಕೈಬಿಡೋದು ಸರಿಯಾಗಿ ಅಲ್ಲೇ! ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ ಅಂತ ಡಾಕ್ಟರ್ ಹೇಳೋವರೆಗೆ ಮಾತ್ರೆ, ಸ್ನಾನ ಎರಡೂ ನಡೀಬೇಕು.

ಎರಡನೇ ಸಲ ನಾನು ಪಟ್ಟು ಹಿಡಿದು ಮಾಡಿದೆ. ಇಟ್ರಾಕೊನಾಜೋಲ್ ಅನ್ನೋ ಫಂಗಸ್ ಔಷಧದ ಕ್ಯಾಪ್ಸೂಲ್ ಅನ್ನು ರೊಟ್ಟಿಗೆ ಬೆಣ್ಣೆ ಸವರಿ ಅದರೊಳಗೆ ಸುತ್ತಿ ಕೊಡುತ್ತಿದ್ದೆ. ಊಟ ಬಿಟ್ಟರೆ ಅಥವಾ ವಾಂತಿ ಮಾಡಿದರೆ ಕೂಡಲೇ ಹೇಳಿ ಅಂದಿದ್ದರು ಡಾಕ್ಟರ್, ಲಿವರ್‌ಗೆ ತೊಂದರೆ ಆಗಬಹುದಂತೆ. ವಾರಕ್ಕೆ ಎರಡು ಸಲ ಮೈಕೊನಾಜೋಲ್, ಕ್ಲೋರ್ಹೆಕ್ಸಿಡೀನ್ ಇರೋ ಶಾಂಪೂ. ನೊರೆ ಹತ್ತು ನಿಮಿಷ ಮೈಮೇಲೆ ಇರಬೇಕು. ಬಚ್ಚಲಲ್ಲಿ ಅವನು ನಡುಗುತ್ತಾ ನನ್ನ ಕಾಲಿಗೆ ಒರಗಿ ನಿಲ್ಲುತ್ತಿದ್ದ, ನಾನು ಗಡಿಯಾರ ನೋಡುತ್ತಾ ತಲೆ ಸವರುತ್ತಿದ್ದೆ. ಅವನು ಮಲಗುತ್ತಿದ್ದ ಹಳೇ ಕೌದಿಯನ್ನು ಎಸೆದೆ. ಉದುರಿದ ಕೂದಲಿನಲ್ಲಿ ಈ ಫಂಗಸ್ 18 ತಿಂಗಳವರೆಗೂ ಜೀವ ಹಿಡಿದಿರಬಲ್ಲದು, ಗೊತ್ತಾ? ಮೊದಲ ಸಲ ಆ ಕೌದಿ ಒಗೆದೇ ಇರಲಿಲ್ಲ ನಾನು.

ತಾನಾಗೇ ಹೋಗುತ್ತೆ ಬಿಡ್ರಿ ಅನ್ನುವವರಿದ್ದಾರೆ. ಗಟ್ಟಿಮುಟ್ಟಾದ ನಾಯಿಗೆ ಕೆಲವು ತಿಂಗಳಲ್ಲಿ ಹೋಗಲೂಬಹುದು, ನಿಜ. ಆದರೆ ಅಷ್ಟು ತಿಂಗಳು ಅದನ್ನು ಅಪ್ಪಿಕೊಳ್ಳುವ ಮಕ್ಕಳ ಗತಿ? ದುಡ್ಡಿನ ಮಾತಿಗೆ ಬಂದರೆ, ಅರ್ಧಕ್ಕೆ ಬಿಟ್ಟು ಮತ್ತೆ ಮೊದಲಿನಿಂದ ಶುರು ಮಾಡೋದೇ ದುಬಾರಿ. ಮೆಡಿಕಲ್ ಅಂಗಡಿಯಲ್ಲಿ ಸುಮ್ನೆ ಕೇಳಿ ತರುವ ಟ್ಯೂಬ್ ಕೂಡ ಬೇಡ. ಎಷ್ಟೋ ಟ್ಯೂಬ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ತುರಿಕೆ ತಗ್ಗುತ್ತದೆ, ಒಳಗೊಳಗೇ ಫಂಗಸ್ ಹಬ್ಬುತ್ತದೆ. ಚಿಮಣಿ ಎಣ್ಣೆ, ಕರಿ ಆಯಿಲ್ ಅಂತೂ ಯಾವತ್ತೂ ಹಚ್ಚಬೇಡಿ, ಕೈ ಮುಗಿದು ಕೇಳುತ್ತೇನೆ.

ಆ ಮನೆಯವರನ್ನು ಒಪ್ಪಿಸಿದ್ದೇನೆ. ಸಂಜೆ ಮರಿಯನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತೇವೆ. ಅದಕ್ಕೂ ಮೊದಲು ಗ್ಲೌಸ್ ಹಾಕಿಕೊಂಡು ಅದರ ಮೈಮೇಲಿನ ಆಯಿಲ್ ತೊಳೆಯಬೇಕು. ಬಿಸಿನೀರು ಕಾಯಲು ಇಟ್ಟಿದ್ದೇನೆ.